ಆಟದೊಳಗಿನ ದೋಣಿ

ಮೊದಲೇ ಹೇಳಿಬಿಡುತ್ತೇನೆ: ಆ ದೋಣಿ ನಿಂತದ್ದರಲ್ಲಿ ನನ್ನದೂ ಒಂದು ಕೈ ಇದೆ. ಗೇಮ್ ಮಾಡಿದ ಕಂಪನಿಯವರು ಒಂದು ದಿನ ಪರದೆಯ ಮೇಲೆ ಪುಟ್ಟ ಪೆಟ್ಟಿಗೆಯೊಂದನ್ನು ತೆರೆದು, ಈ ಆಟದಲ್ಲಿ ನಿಮಗೆ ಬೇಸರ ತರಿಸುವುದು ಯಾವುದು ಎಂದು ಕೇಳಿದರು. ನನಗೆ ಯಾವ ಬೇಸರವೂ ಇರಲಿಲ್ಲ. ಆದರೆ ಯಾರಾದರೂ ಏನಾದರೂ ಕೇಳಿದರೆ ಇನ್ನೊಬ್ಬರ ದನಿಯಲ್ಲಿ ಉತ್ತರ ಕೊಡುವುದು ನನ್ನ ಹುಟ್ಟುಗುಣ. ದೊಡ್ಡ ಭಾವನ ಖಾತೆಯಿಂದ, ಅವರು ಬಸ್ ಸ್ಟ್ಯಾಂಡಿನಲ್ಲಿ ಬಯ್ಯುವ ಧಾಟಿಯಲ್ಲೇ, ದೋಣಿ ಬಹಳ ನಿಧಾನ, ಹುಟ್ಟು ಹಾಕುವವನಿಗೆ ಸಂಬಳ ಕೊಡುತ್ತೀರೋ ಇಲ್ಲವೋ ಎಂದು ಬರೆದೆ. ಸಣ್ಣ ಭಾವನ ಖಾತೆಯಿಂದ, ಅವರ ನಯವಾದ ಧಾಟಿಯಲ್ಲಿ, ತಮಗೆ ತೊಂದರೆಯಿಲ್ಲವೆಂದಾದರೆ ದೋಣಿಯನ್ನು ಸ್ವಲ್ಪ ಬೇಗ ಬಿಡಬಹುದೇ ಎಂದು ವಿಚಾರಿಸಿದೆ. ಕೊನೆಗೆ ನನ್ನ ಹೆಸರಿನಿಂದ, ಮೇಲಿನ ಹಿರಿಯರಿಬ್ಬರೂ ಹೇಳಿದ್ದು ನಿಜ ಎಂದು ಸಾಕ್ಷಿ ಹಾಕಿದೆ. ಒಬ್ಬನೇ ಕೂತು ನಕ್ಕೆ. ಕೆಲವು ತಿಂಗಳ ಮೇಲೆ ದೋಣಿ ಹೋಯಿತು.

ಪ್ರಪಂಚದ ಯಾವ್ಯಾವುದೋ ಮೂಲೆಯವರು ಆಡುವ ಆಟವದು. ಶೃಂಗೇರಿಯ ಲಾಡ್ಜೊಂದರ ಕೌಂಟರಿನಲ್ಲಿ ಕೂತವನ ಮೂರು ದೂರಿಗೆ ಕಂಪನಿ ನಡುಗಿತು ಎಂದರೆ ಯಾರೂ ನಂಬಲಾರರು. ನಾನೂ ನಂಬುವುದಿಲ್ಲ. ಆದರೂ ಆಟದಲ್ಲಿ ದೋಣಿಯ ಬದಲಿಗೆ ಬಂದ ಹೊಸ ಕಲ್ಲಿನ ಬಾಗಿಲ ಮುಂದೆ ನಿಂತಾಗಲೆಲ್ಲ ಕುತ್ತಿಗೆಯ ಹಿಂದೆ ಯಾರೋ ನೋಡುತ್ತಿದ್ದಾರೆ ಅನಿಸುತ್ತದೆ.

ಲಾಡ್ಜಿನಲ್ಲಿ ನನ್ನ ಕೆಲಸ ಯಾತ್ರಿಕರಿಗೆ ರೂಮು ಕೊಡುವುದು, ಬಿಸಿನೀರು ಎಷ್ಟು ಹೊತ್ತಿಗೆ ಬರುತ್ತದೆ ಎಂದು ಹೇಳುವುದು, ಅವರು ಮೆಟ್ಟಿಲು ಹತ್ತಿ ಮರೆಯಾದ ಮೇಲೆ ಅವರ ಹಾಗೇ ಮಾತಾಡಿ ರೂಮ್ ಬಾಯ್‌ಗಳನ್ನು ನಗಿಸುವುದು. ಮೂರನೆಯದಕ್ಕೆ ಸಂಬಳವಿಲ್ಲ. ದನಿ ಹಿಡಿಯುವುದರಲ್ಲಿ ಒಂದು ಗುಟ್ಟಿದೆ. ಮಾತನ್ನು ಕಲಿಯಲು ಹೋಗಬಾರದು, ಮಾತಿಗೆ ಮೊದಲು ಬರುವ ಸದ್ದನ್ನು ಕಲಿಯಬೇಕು. ಕೆಲವರು ನಾಲಿಗೆ ಲೊಚಗುಟ್ಟಿ ಶುರು ಮಾಡುತ್ತಾರೆ, ಕೆಲವರು ಮೂಗಿನಿಂದ ಉಸಿರು ಬಿಟ್ಟು. ದೊಡ್ಡ ಭಾವ ಎರಡು ಸಲ ಕೆಮ್ಮಿ, ಎರಡನೆಯ ಕೆಮ್ಮನ್ನು ಅರ್ಧಕ್ಕೇ ನುಂಗಿ ಮಾತು ತೆಗೆಯುತ್ತಾರೆ. ಸಣ್ಣ ಭಾವ ಯಾವ ಸದ್ದೂ ಮಾಡದೆ ಸ್ವಲ್ಪ ಹೊತ್ತು ಸುಮ್ಮನಿರುತ್ತಾರೆ. ಆ ಸುಮ್ಮನಿರುವುದನ್ನು ಅನುಕರಿಸುವುದು ಎಲ್ಲಕ್ಕಿಂತ ಕಷ್ಟ. ನನ್ನ ಮಾತಿಗೆ ಮೊದಲು ಯಾವ ಸದ್ದು ಬರುತ್ತದೋ ನನಗೆ ಗೊತ್ತಿಲ್ಲ. ನನ್ನ ದನಿಯಲ್ಲಿ ನಾನು ಮಾತಾಡಿದ್ದೇ ಕಡಿಮೆ.

ಭಾವಂದಿರಿಬ್ಬರೂ ನನ್ನ ಸೋದರಮಾವನ ಮಕ್ಕಳು, ವಯಸ್ಸಿನಲ್ಲಿ ನನಗಿಂತ ಬಹಳ ದೊಡ್ಡವರು. ದೊಡ್ಡವರಿಗೆ ಕೊಪ್ಪದಲ್ಲಿ ಪ್ರಿಂಟಿಂಗ್ ಪ್ರೆಸ್ಸು: ಮದುವೆ ಪತ್ರಿಕೆ, ಬಿಲ್ ಪುಸ್ತಕ, ಸೊಸೈಟಿಯ ಮಹಾಸಭೆಯ ನೋಟೀಸು. ಸಣ್ಣವರಿಗೆ ನರಸಿಂಹರಾಜಪುರದಲ್ಲಿ ಇನ್ವರ್ಟರ್, ಬ್ಯಾಟರಿಗಳ ಅಂಗಡಿ. ಭಾವ ಎಂದರೆ ನಮ್ಮಲ್ಲಿ ಗೇಲಿ ಮಾಡಲು ಪರವಾನಗಿ ಸಿಕ್ಕ ಹಾಗೆ. ನಾನು ಅದನ್ನು ಚಿಕ್ಕಂದಿನಿಂದ ಬಳಸಿಕೊಂಡಿದ್ದೇನೆ. ದೊಡ್ಡವರ ಮುಂದೆ ಸಣ್ಣವರಾಗುತ್ತಿದ್ದೆ, ಸಣ್ಣವರ ಮುಂದೆ ದೊಡ್ಡವರಾಗುತ್ತಿದ್ದೆ. ಇಬ್ಬರೂ ನಗುತ್ತಿದ್ದರು. ಒಬ್ಬರ ಸುದ್ದಿ ಇನ್ನೊಬ್ಬರಿಗೆ ಮುಟ್ಟುತ್ತಿದ್ದುದು ನನ್ನ ಅಣಕದಿಂದಲೇ ಎಂದು ನನಗೆ ಹೊಳೆದದ್ದು ತಡವಾಗಿ, ಯಾಕೆಂದರೆ ಆ ಹೊತ್ತಿಗೆ ಅವರು ಮಾತು ಬಿಟ್ಟು ವರ್ಷಗಳಾಗಿದ್ದವು.

ಕಾರಣ ಆಸ್ತಿಯಲ್ಲ. ಹೇಳಿಕೆ. ನಮ್ಮ ಕಡೆ ಮನೆಯಲ್ಲಿ ಶುಭಕಾರ್ಯವಿದ್ದರೆ ಗಂಡ ಹೆಂಡತಿ ಮನೆಮನೆಗೆ ಹೋಗಿ, ಕೊಟ್ಟದ್ದನ್ನು ಕುಡಿದು, ಕುಂಕುಮ ಕೊಟ್ಟು, ಹಿಂದಿನ ದಿನವೇ ಬರಬೇಕು ಎಂದು ಬಾಯಿಬಿಟ್ಟು ಕರೆಯಬೇಕು. ಅದೇ ಹೇಳಿಕೆ. ಅದಿಲ್ಲದೆ ಪಕ್ಕದ ಮನೆಗೂ ಹೋಗುವುದಿಲ್ಲ ನಮ್ಮ ಜನ. ದೊಡ್ಡ ಭಾವ ಹೊಸ ಮನೆ ಕಟ್ಟಿಸಿ ಒಕ್ಕಲಾದಾಗ ಊರಿಗೆಲ್ಲ ಹೇಳಿಕೆಗೆ ಹೋದರು, ತಮ್ಮನ ಮನೆಗೆ ಹೋಗಲಿಲ್ಲ. ಮೊಬೈಲಿನ ಕುಟುಂಬದ ಗ್ರೂಪಿಗೆ ಪತ್ರಿಕೆಯ ಫೋಟೋ ಹಾಕಿದ್ದರಷ್ಟೆ. ತಮ್ಮ ಅಂದರೆ ಮನೆಯವ, ಮನೆಯವನನ್ನು ಯಾರಾದರೂ ಕರೆಯುತ್ತಾರೆಯೇ ಎನ್ನುವುದು ಅವರ ವಾದ. ಊರೆಲ್ಲ ಸುತ್ತಿದವರಿಗೆ ನನ್ನ ಮನೆಯ ಬಾಗಿಲು ಮಾತ್ರ ಕಾಣಲಿಲ್ಲವೇ ಎನ್ನುವುದು ಇವರ ವಾದ. ಪತ್ರಿಕೆಯ ಕೊನೆಯಲ್ಲಿ, ಖುದ್ದಾಗಿ ಬಂದು ಕರೆಯಲಾಗಲಿಲ್ಲ, ಇದನ್ನೇ ಹೇಳಿಕೆಯೆಂದು ತಿಳಿಯಿರಿ ಎಂಬ ಸಾಲು ಬೇರೆ ಇತ್ತು. ಅದು ದೊಡ್ಡ ಭಾವ ಗಿರಾಕಿ ಕೇಳಲಿ ಬಿಡಲಿ ಎಲ್ಲರ ಪತ್ರಿಕೆಗೂ ತಾವಾಗಿ ಸೇರಿಸುವ ಸಾಲು. ಒಕ್ಕಲಿನ ದಿನ ಪಂಕ್ತಿಯಲ್ಲಿ ತಮ್ಮನಿಗೆಂದು ಒಂದು ಎಲೆ ಹಾಕಿಸಿ ಕಾದರು. ಬಡಿಸಿದವರು ಆ ಎಲೆಯನ್ನು ದಾಟಿಕೊಂಡು ದಾಟಿಕೊಂಡು ಹೋಗುತ್ತಿದ್ದುದನ್ನು ನಾನು ಎದುರಿನ ಸಾಲಿನಲ್ಲಿ ಕೂತು ನೋಡಿದ್ದೇನೆ.

ಇಬ್ಬರನ್ನೂ ಆಟಕ್ಕೆ ಎಳೆದವನು ನಾನೇ. ದೊಡ್ಡ ಭಾವ ಪ್ರೆಸ್ಸಿಗೆ ಹೊಸ ಕಂಪ್ಯೂಟರ್ ತಂದಾಗ ಕನ್ನಡದ ಫಾಂಟುಗಳನ್ನು ಕೂರಿಸಿಕೊಡಲು ಹೋದವನು ಗೇಮನ್ನೂ ಕೂರಿಸಿ ಬಂದೆ. ಊಟವಾದ ಮೇಲೆ ಅರ್ಧ ಶಟರ್ ಎಳೆದು ತೂಕಡಿಸುವ ಹೊತ್ತಿನಲ್ಲಿ ಆಡಿ, ನಿದ್ದೆಗಿಂತ ಇದು ಖರ್ಚು ಕಡಿಮೆ ಎಂದಿದ್ದೆ. ನಿದ್ದೆಗೆ ಏನು ಖರ್ಚು ಎಂದು ಅವರು ಕೇಳಲಿಲ್ಲ. ಸಣ್ಣ ಭಾವ ಫೋನಿನಲ್ಲೇ ಆಡುತ್ತಿದ್ದರು. ಖಾತೆ ತೆರೆಯುವಾಗ ಎಲ್ಲಿಯೋ ಒತ್ತಲು ಹೋಗಿ ಎಲ್ಲಿಯೋ ಒತ್ತಿ, ಬಿಲ್ಲುಗಾರನಾಗಬೇಕಿದ್ದವರು ಹಸಿರು ಸೀರೆಯಂಥದ್ದೇನನ್ನೋ ಉಟ್ಟ ವೈದ್ಯೆಯಾಗಿ ಹುಟ್ಟಿದರು. ಬದಲಾಯಿಸಿಕೊಡುತ್ತೇನೆ ಎಂದೆ. ಹುಟ್ಟಿದ ಮೇಲೆ ಎಂತ ಬದಲಾಯಿಸೋದು, ಇರಲಿ ಬಿಡು ಎಂದರು. ದೊಡ್ಡ ಭಾವ ಮೊಣಕಾಲಿನವರೆಗೆ ಬಿಳಿ ಗಡ್ಡವಿರುವ ಮಂತ್ರವಾದಿ. ನಾನು ಕುಳ್ಳ ಕಳ್ಳ. ನೋಡಿದವರೆಲ್ಲ ಹೋಲಿಕೆ ಚೆನ್ನಾಗಿದೆ ಎಂದರು. ಆಟದಲ್ಲಿ ಇನ್ನೊಬ್ಬರೂ ಇದ್ದಾರೆ ಎಂದು ಇಬ್ಬರಿಗೂ ನಾನು ಹೇಳಿರಲಿಲ್ಲ.

ಆಟದ ದೊಡ್ಡ ರಾಕ್ಷಸ ಇರುವುದು ಒಂದು ದ್ವೀಪದಲ್ಲಿ. ಅಲ್ಲಿಗೆ ಹೋಗಲು ಆಗ ಒಂದೇ ದಾರಿ, ದೋಣಿ. ಮರದ ಕಟ್ಟೆಯ ಮೇಲೆ ನಿಂತು ಕಾಯಬೇಕು. ದೋಣಿ ಮಂಜಿನಿಂದ ಹೊರಗೆ ಬರುವುದು ಮೊದಲು ಕೇಳುತ್ತಿತ್ತು, ಆಮೇಲೆ ಕಾಣುತ್ತಿತ್ತು. ಹತ್ತಿ ಕೂತರೆ ಆಚೆ ದಡ ಮುಟ್ಟಲು ಒಂದು ಲೋಟ ಕಾಫಿ ಕುಡಿದು ಲೋಟ ತೊಳೆದಿಡುವಷ್ಟು ಹೊತ್ತು. ಆ ಹೊತ್ತಿನಲ್ಲಿ ಮಾಡಲು ಬೇರೇನೂ ಇಲ್ಲ. ಕತ್ತಿ ಎತ್ತಲಾಗದು, ಓಡಲಾಗದು, ನೀರಿಗೆ ಹಾರಿದರೆ ಮತ್ತೆ ಕಟ್ಟೆಗೆ ಬಂದು ಬೀಳುತ್ತೀರಿ. ಪಕ್ಕದಲ್ಲಿ ಯಾರು ಕೂತಿದ್ದಾರೋ ಅವರ ಮೈಕಿನ ದನಿ ಕೇಳುತ್ತದೆ. ಮಾತಾಡಬೇಕು, ಇಲ್ಲವೇ ನೀರು ನೋಡಬೇಕು.

ಮೊದಲ ದಿನ ಮೂವರೂ ಒಂದೇ ದೋಣಿಯಲ್ಲಿ ಕೂತಾಗ ದೊಡ್ಡ ಭಾವ ಎರಡು ಸಲ ಕೆಮ್ಮಿ, ಪಕ್ಕದಲ್ಲಿರುವ ಅಮ್ಮನವರು ಯಾವ ಊರಿನವರು ಎಂದು ಕೇಳಿದರು. ಆ ಅರ್ಧ ನುಂಗಿದ ಕೆಮ್ಮು ಸಣ್ಣ ಭಾವನಿಗೆ ಗೊತ್ತಾಗದೆ ಇರುತ್ತದೆಯೇ. ಒಂದೇ ಚಾಪೆಯಲ್ಲಿ ಮಲಗಿ ಬೆಳೆದವರು. ವೈದ್ಯೆ ಸುಮ್ಮನಾದಳು. ನಾನು ಕೌಂಟರಿನ ಕೆಳಗೆ ಮುಖ ಹುದುಗಿಸಿ ನಗು ತಡೆಯುತ್ತಿದ್ದೆ. ಆಮೇಲೆ ಕಿವಿಯಲ್ಲಿ ಸಣ್ಣ ಭಾವನ ದನಿ, ಸ್ವಲ್ಪವೂ ಬದಲಾಯಿಸಿಕೊಳ್ಳದ ಗಂಡುದನಿ, ನಾನು ಕಾಡಿನವಳು ಅಜ್ಜಾ, ಬೇರು ನಾರು ಮಾರಿಕೊಂಡಿರುತ್ತೇನೆ ಎಂದಿತು. ಈಗ ದೊಡ್ಡ ಭಾವನಿಗೂ ಗೊತ್ತಾಯಿತು. ಅವರ ಕಡೆಯಿಂದ ಕೆಮ್ಮೂ ಇಲ್ಲ. ಒಬ್ಬರು ಹೊರಟುಹೋಗುತ್ತಾರೆ ಎಂದುಕೊಂಡೆ. ನೀರಿಗೆ ಹಾರದೆ ದೋಣಿಯಿಂದ ಎದ್ದು ಹೋಗಲು ಆಗುವುದಿಲ್ಲವಲ್ಲ, ಅದೇ ದೋಣಿಯ ಗುಣ. ದಡ ಹತ್ತಿರ ಬಂದಾಗ ಮಂತ್ರವಾದಿ, ಹಾಗಾದರೆ ನನ್ನ ಮೊಣಕಾಲಿಗೆ ಏನಾದರೂ ಇದ್ದರೆ ಕೊಡಮ್ಮ ಎಂದ. ದೊಡ್ಡ ಭಾವನಿಗೆ ನಿಜವಾಗಿಯೂ ಮೊಣಕಾಲು ನೋವಿತ್ತು.

ಅಲ್ಲಿಂದ ಮುಂದೆ ಅವರು ಹಾಗೇ ನಡೆಸಿಕೊಂಡು ಹೋದರು. ಅವರು ಅಜ್ಜ, ಇವರು ವೈದ್ಯಮ್ಮ. ಅಣ್ಣ ತಮ್ಮ ಎಂಬ ಮಾತು ಇಲ್ಲ. ತಾಳಮದ್ದಳೆಯಲ್ಲಿ ಅರ್ಥ ಹೇಳುವವರ ಹಾಗೆ ಎಳೆದೆಳೆದು ಮಾತಾಡುತ್ತಿದ್ದರು. ಕಾಡಿನಲ್ಲಿ ಬೆಳಕಿನ ಯಂತ್ರಗಳ ವ್ಯಾಪಾರ ಹೇಗಿದೆ ಎಂದು ಅಜ್ಜ ಕೇಳಿದರೆ, ಮಿಂಚು ಹೆಚ್ಚಾದ ತಿಂಗಳು ಪರವಾಗಿಲ್ಲ ಅಜ್ಜಾ ಎಂದು ವೈದ್ಯಮ್ಮ. ಗವಿಯಲ್ಲಿ ಕೂತು ಓಲೆ ಅಚ್ಚು ಹಾಕುವ ಕೆಲಸ ಕಣ್ಣಿಗೆ ಕಷ್ಟವಲ್ಲವೇ ಎಂದು ಇವರು ಕೇಳಿದರೆ, ಕನ್ನಡಕ ಬದಲಾಯಿಸಿದೆ ಎಂದು ಅವರು. ರಾಜ್ಯ, ಗವಿ, ಕಾಡು ಎನ್ನುತ್ತಲೇ ಮನೆಯ ಎಲ್ಲ ಸುದ್ದಿ ದಾಟಿಹೋಗುತ್ತಿತ್ತು. ನಡುವೆ ನಾನು ದೋಣಿಯವನ ದನಿ ಮಾಡಿ ಟಿಕೆಟ್ ಕೇಳುತ್ತಿದ್ದೆ, ಬಾಗಿಲ ಹತ್ತಿರ ನಿಲ್ಲಬೇಡಿ ಒಳಗೆ ಹೋಗಿ ಎಂದು ಕೊಪ್ಪದ ಬಸ್ಸಿನ ಕಂಡಕ್ಟರ್ ಆಗುತ್ತಿದ್ದೆ. ಮಾಣಿ ಬಾಯಿ ಮುಚ್ಚು ಎಂದು ಇಬ್ಬರೂ ಒಟ್ಟಿಗೆ ಹೇಳುತ್ತಿದ್ದರು. ಅಷ್ಟು ವರ್ಷಗಳಲ್ಲಿ ಅವರು ಒಟ್ಟಿಗೆ ಹೇಳಿದ ಮಾತು ಅದೊಂದೇ ಇರಬೇಕು.

ದ್ವೀಪದಲ್ಲಿ ದೊಡ್ಡ ಭಾವ ಸಾಯದ ದಿನವಿಲ್ಲ. ರಾಕ್ಷಸ ಬೆಂಕಿ ಉಗುಳುವ ಮೊದಲು ನೆಲ ಕೆಂಪಾಗುತ್ತದೆ, ಆಗ ಸರಿಯಬೇಕು. ಅವರು ಸರಿಯುವುದು ಕೆಂಪಿನ ಕಡೆಗೇ. ಪ್ರೆಸ್ಸಿನಲ್ಲಿ ಯಾರೋ ಗಿರಾಕಿ ಬಂದು ಬಿಲ್ ಪುಸ್ತಕ ಆಯಿತೇ ಎಂದು ಕೇಳುವುದೂ ಅದೇ ಹೊತ್ತಿಗೆ. ಮಂತ್ರವಾದಿ ಬಿದ್ದರೆ ಅವನನ್ನು ಎಬ್ಬಿಸಲು ವೈದ್ಯೆಯಿಂದ ಮಾತ್ರ ಸಾಧ್ಯ, ಅದೂ ತಾನು ಪೆಟ್ಟು ತಿನ್ನುತ್ತ ಪಕ್ಕದಲ್ಲೇ ನಿಂತು ಮಂತ್ರ ಮುಗಿಸಿದರೆ. ಸಣ್ಣ ಭಾವ ಪ್ರತಿ ಸಲವೂ ಓಡಿ ಬರುತ್ತಿದ್ದರು. ಏಳಿ ಅಜ್ಜಾ, ಏಳಿ, ಎಂದು ಬೈಗುಳದ ಹಾಗೆ ಹೇಳುತ್ತಿದ್ದರು. ಎದ್ದವರು ನಿನ್ನ ಋಣ ದೊಡ್ಡದು ತಾಯಿ ಎನ್ನುತ್ತಿದ್ದರು. ನಾನು ಇದನ್ನು ರೂಮ್ ಬಾಯ್‌ಗಳ ಮುಂದೆ ಅಭಿನಯಿಸಿ ತೋರಿಸಿ ಚೆನ್ನಾಗಿ ನಗಿಸಿದ್ದೇನೆ. ಈಗ ಮಾಡು ಎಂದರೆ ಆಗುವುದಿಲ್ಲ.

ದೊಡ್ಡ ಭಾವನಿಗೆ ಒಬ್ಬಳೇ ಮಗಳು. ಸಣ್ಣ ಭಾವನಿಗೆ ಮಕ್ಕಳಿಲ್ಲ. ಆ ಹುಡುಗಿಗೆ ಸೈಕಲ್ ಕಲಿಸಿದ್ದು, ಮೂಗು ಚುಚ್ಚಿಸುವಾಗ ತೊಡೆಯ ಮೇಲೆ ಕೂರಿಸಿಕೊಂಡದ್ದು ಚಿಕ್ಕಪ್ಪನೇ. ಒಂದು ಮಧ್ಯಾಹ್ನ ದೋಣಿ ನಡುನೀರಿಗೆ ಬಂದಾಗ ದೊಡ್ಡ ಭಾವ ಕೆಮ್ಮಿದರು.

"ಎಲೈ ವೈದ್ಯಮ್ಮ, ನಮ್ಮ ರಾಜ್ಯದ ಕನ್ಯೆಗೆ ವರ ನಿಶ್ಚಯವಾದ ಸುದ್ದಿ ನಿಮ್ಮ ಕಿವಿಗೆ ಬಿತ್ತೇ?"

ವೈದ್ಯೆ ಮಂತ್ರವಾದಿಯ ಕಡೆ ತಿರುಗಿದಳು.

"ಯಾವ ದೇಶದ ರಾಜಕುಮಾರ ಅಜ್ಜಾ?"

"ಬಾಳೆಹೊನ್ನೂರು."

ನನಗೆ ನಗು ಒತ್ತರಿಸಿ ಬಂತು. ಆದರೆ ಸಣ್ಣ ಭಾವ ನಗಲಿಲ್ಲ. ಅವರು ಮುಂದೆ ಕೇಳಿದ್ದು ಅಜ್ಜನನ್ನಲ್ಲ, ರಾಜ್ಯದ ಮಾತಿನಲ್ಲೂ ಅಲ್ಲ.

"ಕೂಸಿಗೆ ಒಪ್ಪಿಗೆ ಇದ್ಯಾ?"

"ಹೂಂ. ಅದೇ ಮೊದ್ಲು ಒಪ್ಪಿದ್ದು."

"ಹಾಗಾದ್ರೆ ಒಳ್ಳೇದಾಯ್ತು."

ದೊಡ್ಡ ಭಾವ ಮತ್ತೆ ಕೆಮ್ಮಿದರು. ಒಂದು, ಆಮೇಲೆ ಅರ್ಧ. ಆ ಅರ್ಧದ ಮುಂದೆ ಒಂದು ಮಾತು ಬರಬೇಕು ಎಂದು ನನಗೆ ಗೊತ್ತು, ದನಿ ಹಿಡಿಯುವವನಿಗೆ ಅಷ್ಟು ಗೊತ್ತಾಗುತ್ತದೆ. ಬರಲಿಲ್ಲ. ದೋಣಿ ದಡಕ್ಕೆ ತಾಗಿತು. ಇನ್ನೊಂದು ಸಲ ದಾಟಿದರೆ ಆ ಮಾತು ಬಂದೇ ಬರುತ್ತದೆ, ಮದುವೆಗೆ ಹೇಗೂ ಇನ್ನೂ ದಿನವಿದೆ, ಅಣ್ಣ ತಮ್ಮನಿಗೆ ಹೇಳಿಕೆ ಮಾಡುವುದನ್ನು ನಾನು ಈ ಕಿವಿಯಲ್ಲೇ ಕೇಳುತ್ತೇನೆ ಎಂದುಕೊಂಡೆ. ಆ ದಿನ ನಾನು ಯಾರ ದನಿಯನ್ನೂ ಮಾಡಲಿಲ್ಲ.

ಆ ವಾರವೇ ದೊಡ್ಡ ಅಪ್‌ಡೇಟ್ ಬಂತು.

ಬದಲಾವಣೆ ಚೆನ್ನಾಗಿದೆ ಎಂದು ಎಲ್ಲರೂ ಹೇಳಿದರು, ಮೊದಲ ಒಂದು ತಾಸು ನಾನೂ ಹೇಳಿದೆ. ಕಾಡಿನಲ್ಲಿ ದಾರಿ ತಪ್ಪುವಂತಿಲ್ಲ. ನೆಲದ ಮೇಲೆ ಬಂಗಾರದ ಗೆರೆಯೊಂದು ಹೋಗಬೇಕಾದಲ್ಲಿಗೆ ಕರೆದುಕೊಂಡು ಹೋಗುತ್ತದೆ. ಮೊದಲಾದರೆ ಎದುರು ಬಂದವರನ್ನು ನಿಲ್ಲಿಸಿ, ಸ್ವಾಮಿ ಹಾಳು ಗುಡಿ ಯಾವ ಕಡೆ ಎಂದು ಕೇಳಬೇಕಿತ್ತು. ನಾನು ಬೇಕೆಂದೇ ತಪ್ಪು ದಾರಿ ಹೇಳಿ, ಆಮೇಲೆ ಪಾಪವೆನಿಸಿ ಹಿಂದೆಯೇ ಓಡಿ ಸರಿ ಮಾಡಿದ್ದೂ ಉಂಟು. ಹಾಗೆ ಪರಿಚಯವಾದವರು ಎಷ್ಟೋ ಜನ. ಆಟದೊಳಗಿನ ಕತ್ತಲೆ ನಿಜವಾಗಿ ಕತ್ತಲೆಯಾಗಿತ್ತು, ಪಂಜು ಹಿಡಿದವರ ಹಿಂದೆ ಅಂಟಿಕೊಂಡು ನಡೆಯಬೇಕಿತ್ತು. ಈಗ ಅಲ್ಲಿ ಕತ್ತಲೆಯೆಂದರೆ ನೀಲಿ ಬಣ್ಣದ ಹಗಲು. ಎಲ್ಲರ ಬೆನ್ನಿಗೂ ಹೊಳೆಯುವ ರೆಕ್ಕೆ. ಹಾರುವುದಿಲ್ಲ, ಹೊಳೆಯುತ್ತದೆ ಅಷ್ಟೆ. ಬಿದ್ದವನನ್ನು ಎಬ್ಬಿಸಲು ವೈದ್ಯರು ಬೇಕಿಲ್ಲ; ಗುಂಡಿ ಒತ್ತಿದರೆ ತಾನೇ ಏಳುತ್ತಾನೆ, ಧೂಳು ಕೊಡವಿಕೊಂಡು. ಗಾಯಕ್ಕೆ ಸೀಸೆಯ ಮದ್ದು ಚೀಲದಲ್ಲೇ ತುಂಬಿಕೊಳ್ಳುತ್ತದೆ. ಮೊದಲು ಮೂವರಿಗೂ ಹೆದರದ ಕಾಡುಹಂದಿ ಈಗ ಒಬ್ಬನನ್ನು ನೋಡಿದರೇ ಸಾಯುತ್ತದೆ. ಕಷ್ಟವನ್ನೆಲ್ಲ ತೆಗೆದುಹಾಕಿದ್ದರು. ಅದರ ಜೊತೆಗೆ, ಒಬ್ಬರಿಗೆ ಇನ್ನೊಬ್ಬರು ಬೇಕಾಗುವ ಜಾಗಗಳೆಲ್ಲ ಒಂದೊಂದಾಗಿ ಹೋಗಿದ್ದವು.

ದೋಣಿಯೂ ಇಲ್ಲ. ಕಟ್ಟೆಯ ಹಿಂದೆ ಕಲ್ಲಿನ ಬಾಗಿಲೊಂದು ಎದ್ದಿದೆ, ಒಳಗೆ ನೇರಳೆ ಬೆಳಕು. ಕಾಲಿಟ್ಟರೆ ದ್ವೀಪ. ಮಂಜನ್ನು ಒರೆಸಿ ತೆಗೆದಿದ್ದಾರೆ. ಕಟ್ಟೆಯಲ್ಲಿ ನಿಂತರೆ ದ್ವೀಪ ಅಲ್ಲೇ ಎದುರಿಗೇ ಕಾಣುತ್ತದೆ. ಇಷ್ಟು ಹತ್ತಿರಕ್ಕೆ ಅಷ್ಟು ಹೊತ್ತು ಕೂತಿದ್ದೆವೇ ಅನಿಸುತ್ತದೆ. ದೋಣಿಯವನನ್ನು ಮಾತ್ರ ತೆಗೆಯಲು ಮರೆತರೋ ಏನೋ, ಅವನು ಕಟ್ಟೆಯ ತುದಿಯಲ್ಲೇ ನಿಂತಿದ್ದಾನೆ. ಅವನ ತಲೆಗೆ ಬಣ್ಣದ ಟೋಪಿ ಹಾಕಿ, ಹಬ್ಬದ ರಿಯಾಯಿತಿ ಕೂಪನ್ ಹಂಚಲು ಬಿಟ್ಟಿದ್ದಾರೆ. ಮುಟ್ಟಿದರೆ ಹಳೆಯ ದನಿಯಲ್ಲೇ, ಕೂರಿ, ಇನ್ನೇನು ಹೊರಟೆ ಎನ್ನುತ್ತಾನೆ. ಆ ದನಿಯನ್ನು ನಾನು ಎಷ್ಟು ಸಲ ಅಣಕಿಸಿದ್ದೆ. ಈಗ ಅವನೇ ನನ್ನನ್ನು ಅಣಕಿಸುವ ಹಾಗಿತ್ತು.

ಅಪ್‌ಡೇಟ್ ಆದ ಮೇಲೆ ಮೂವರೂ ಒಂದು ದಿನ ಸೇರಿದೆವು. ಬಾಗಿಲು ದಾಟಿದೆವು, ರಾಕ್ಷಸ ಎದುರಿಗೇ ಇದ್ದ. ಬೆಂಕಿ, ಕೂಗು, ಪರದೆಯ ತುಂಬ ಹಾರುವ ಅಂಕಿಗಳು. ದೊಡ್ಡ ಭಾವ ಕೆಂಪು ನೆಲಕ್ಕೆ ಕಾಲಿಟ್ಟು ಬಿದ್ದರು. ವೈದ್ಯೆ ಓಡಿ ಬರುವಷ್ಟರಲ್ಲಿ ಮಂತ್ರವಾದಿ ತಾನೇ ಎದ್ದು ನಿಂತಿದ್ದ. ಸಣ್ಣ ಭಾವ ಅಲ್ಲೇ ನಿಂತುಬಿಟ್ಟರು. ಕೈಯೆತ್ತಿದ ವೈದ್ಯೆ ಕೈಯೆತ್ತಿಕೊಂಡೇ ಇದ್ದಳು. ರಾಕ್ಷಸ ಸತ್ತ. ಆಟ ನಮ್ಮನ್ನು ಹೊರಗೆ ತಂದು ಮೂವರನ್ನೂ ಬೇರೆಬೇರೆ ಊರಿನಲ್ಲಿ ಇಳಿಸಿತು. ಮೈಕು ಕಟ್ಟಾಯಿತು. ಎಲ್ಲ ಸೇರಿ ದೋಣಿ ಕಟ್ಟೆ ಬಿಡುವಷ್ಟು ಹೊತ್ತೂ ಆಗಿರಲಿಲ್ಲ.

ದೊಡ್ಡ ಭಾವ ನನಗೆ ಫೋನ್ ಮಾಡಿ, ಹತ್ತೋದೂ ಇಲ್ಲ ಇಳಿಯೋದೂ ಇಲ್ಲ ಇದೆಂಥ ಆಟ ಮಾಣಿ, ಬ್ಯಾಂಕಿನ ಕೆಲಸದ ಹಾಗೆ ಆಗಿದೆ ಎಂದರು. ಮತ್ತೆ ಬರಲಿಲ್ಲ. ಸಣ್ಣ ಭಾವ ಬರುತ್ತಿದ್ದರು. ಆದರೆ ಆಡುತ್ತಿರಲಿಲ್ಲ. ಊಟದ ಹೊತ್ತಿನ ಮೇಲೆ ನಾನು ಒಳಹೊಕ್ಕು ನೋಡಿದರೆ ಹಸಿರು ಸೀರೆಯ ವೈದ್ಯೆ ಕಟ್ಟೆಯ ಮೇಲೆ ನಿಂತಿರುತ್ತಿದ್ದಳು. ರೆಕ್ಕೆ ಹಾಕಿಕೊಂಡಿರಲಿಲ್ಲ. ಸುತ್ತ ಹೊಳೆಯುವ ಜನ ಕಲ್ಲಿನ ಬಾಗಿಲಿಗೆ ನುಗ್ಗುತ್ತಿದ್ದರು. ಅವಳು ಟೋಪಿಯ ದೋಣಿಯವನ ಪಕ್ಕದಲ್ಲಿ. ಎಂತ ಭಾವ, ಇಲ್ಲಿ ನಿಂತು ಎಂತ ಮಾಡ್ತಿದ್ದೀರಿ ಎಂದು ಒಂದು ದಿನ ಕೇಳಿದೆ. ಬ್ಯಾಟರಿ ಚಾರ್ಜ್ ಆಗ್ತಿದೆ ಮಾರಾಯ, ಅಲ್ಲಿವರೆಗೆ ಕೂತಿದ್ದೆ ಎಂದರು.

ನನ್ನ ರಜೆಯ ದಿನ ಕೊಪ್ಪಕ್ಕೆ ಹೋದೆ. ಪ್ರೆಸ್ಸಿನಲ್ಲಿ ಮಗಳ ಮದುವೆಯ ಪತ್ರಿಕೆ ಕಟ್ಟು ಕಟ್ಟಿ ಇಟ್ಟಿತ್ತು. ಒಂದನ್ನು ಎತ್ತಿಕೊಂಡು ದೊಡ್ಡ ಭಾವನ ಗಿರಾಕಿಯೊಬ್ಬರ ದನಿಯಲ್ಲಿ, ಕಾಗದ ತೆಳು ಆಯ್ತಲ್ಲ ಸಾರ್ ಎಂದೆ. ಅವರು ನಗಲಿಲ್ಲ. ನಾನು ಓದುತ್ತ ಕೊನೆಗೆ ಬಂದೆ. ಎಲ್ಲರ ಪತ್ರಿಕೆಯಲ್ಲೂ ಇರುತ್ತಿದ್ದ ಆ ಸಾಲು, ಇದನ್ನೇ ಹೇಳಿಕೆಯೆಂದು ತಿಳಿಯಿರಿ ಎಂಬುದು, ಇದರಲ್ಲಿ ಇರಲಿಲ್ಲ. ಕೈತಪ್ಪಿ ಬಿಟ್ಟದ್ದಲ್ಲ; ಅಷ್ಟು ವರ್ಷ ಜೋಡಿಸಿದ ಕೈ ಅದು. ಊರೆಲ್ಲ ಹೇಳಿಕೆ ಮುಗಿದಿತ್ತು. ನರಸಿಂಹರಾಜಪುರ ಒಂದು ಉಳಿದಿತ್ತು. ಅಕ್ಕ, ಎಂದರೆ ಭಾವನ ಹೆಂಡತಿ, ಕುಂಕುಮದ ಭರಣಿ ಹಿಡಿದು ಎರಡು ಸಲ ಹೊರಟು ನಿಂತಿದ್ದರಂತೆ. ಭಾವ ಗಾಡಿ ತೆಗೆಯಲಿಲ್ಲ.

"ನೀ ಹೇಗೂ ಆ ಕಡೆ ಹೋಗ್ತೀಯಲ್ಲ ಮಾಣಿ, ಅವನಿಗೊಂದು ಕೊಟ್ಬಿಡು" ಎಂದು ಪತ್ರಿಕೆಯೊಂದನ್ನು ನನ್ನ ಕಡೆ ನೂಕಿದರು.

ನಾನು ಆ ಕಡೆ ಹೋಗುವುದೇ ಇಲ್ಲ, ಅದು ಅವರಿಗೂ ಗೊತ್ತು. ನೀವೇ ಹೋಗಿ ಭಾವ, ಬಸ್ ಹತ್ತಿದರೆ ಎಷ್ಟು ಹೊತ್ತಿನ ದಾರಿ ಎಂದೆ. ಅವರು ಕಾಗದ ಕತ್ತರಿಸುವ ಯಂತ್ರದ ಮೇಲಿನ ಚೂರುಗಳನ್ನು ಅಂಗೈಯಿಂದ ಒಟ್ಟು ಮಾಡಿ, ಮತ್ತೆ ಚದುರಿಸಿ, ಮತ್ತೆ ಒಟ್ಟು ಮಾಡಿದರು.

"ಬಾಗಿಲಲ್ಲಿ ನಿಂತು ಎಂತ ಹೇಳೋದು ಮಾರಾಯ. ದೋಣಿಯಲ್ಲಾದ್ರೆ ಮುಖ ಕಾಣ್ತಿರ್ಲಿಲ್ಲ."

ಪತ್ರಿಕೆಯನ್ನು ನಾನು ತೆಗೆದುಕೊಳ್ಳಲಿಲ್ಲ. ಆದರೆ ಶೃಂಗೇರಿಗೆ ಬರುವ ಬಸ್ಸಿನಲ್ಲಿ ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಆ ಮೂರು ದೂರುಗಳೇ. ದೋಣಿಯನ್ನು ಮುಳುಗಿಸಿದವನು ನೀನು, ಈಗ ಹುಟ್ಟು ಹಾಕು ಎಂದು ನನಗೆ ನಾನೇ, ದೋಣಿಯವನ ದನಿಯಲ್ಲಿ, ಹೇಳಿಕೊಂಡೆ. ಮುಖ ಕಾಣದ ಜಾಗ ಬೇಕು ಅಷ್ಟೇ ತಾನೇ. ಕಟ್ಟೆ ಇನ್ನೂ ಇದೆ. ವೈದ್ಯೆ ಅಲ್ಲಿ ನಿಂತಿದ್ದಾಳೆ. ಮಂತ್ರವಾದಿಯ ಖಾತೆಯ ಗುಟ್ಟಿನ ಪದ ನನ್ನ ಹತ್ತಿರವೇ ಇದೆ. ದನಿಯಂತೂ ಚಿಕ್ಕಂದಿನಿಂದ ನನ್ನ ಗಂಟಲಲ್ಲೇ ಇದೆ. ಹೇಳಿಕೆ ಅಣ್ಣನ ದನಿಯಲ್ಲಿ ಹೋದರೆ ತಮ್ಮ ಬರುತ್ತಾನೆ. ಮದುವೆ ಮನೆಯಲ್ಲಿ ಎದುರಾಬದುರಾದ ಮೇಲೆ ಯಾರು ಹೇಳಿದ್ದು ಯಾವಾಗ ಹೇಳಿದ್ದು ಎಂದು ಯಾರು ಕೇಳುತ್ತಾರೆ. ಇದಕ್ಕಿಂತ ಬುದ್ಧಿವಂತ ಉಪಾಯ ಇನ್ನೊಂದಿಲ್ಲ ಎಂದು ನಂಬಿದ್ದೆ. ಬಸ್ಸು ಇಳಿಯುವಾಗ ನನ್ನ ಬೆನ್ನಿಗೂ ರೆಕ್ಕೆ ಹೊಳೆಯುತ್ತಿದ್ದಿರಬೇಕು.

ಮಾರನೆಯ ದಿನ ಯಾತ್ರಿಕರು ಪ್ರಸಾದದ ಊಟಕ್ಕೆ ಹೋದ ಹೊತ್ತಿಗೆ ಕೌಂಟರಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ದೊಡ್ಡ ಭಾವನಾಗಿ ಒಳಹೊಕ್ಕೆ. ಬಿಳಿ ಗಡ್ಡದ ಮಂತ್ರವಾದಿಯನ್ನು ಕಟ್ಟೆಯವರೆಗೆ ನಡೆಸಿಕೊಂಡು ಹೋದೆ, ಅವರು ನಡೆಸುವ ಹಾಗೇ, ಅಲ್ಲಲ್ಲಿ ಗೋಡೆಗೆ ಡಿಕ್ಕಿ ಹೊಡೆಸುತ್ತ. ವೈದ್ಯೆ ಇದ್ದಳು. ಈಗ ಪಕ್ಕದಲ್ಲಿ ನಿಂತರೆ ಸಾಲದು, ಮಾತಾಡಬೇಕಾದರೆ ತಂಡಕ್ಕೆ ಸೇರಿಸಿಕೊಳ್ಳಬೇಕು. ಕೋರಿಕೆ ಕಳಿಸಿದೆ.  ಆಮೇಲೆ ಒಪ್ಪಿದ ಗುರುತಿಗೆ ಹಸಿರು ಚುಕ್ಕೆ ಬಂತು. ಆ ಕಡೆ ಅಂಗಡಿಯ ಫ್ಯಾನ್ ತಿರುಗುವುದು ಕೇಳಿಸಿತು.

ಕೆಮ್ಮಿದೆ. ಎರಡನೆಯದನ್ನು ಅರ್ಧಕ್ಕೆ ನುಂಗಿದೆ. ಜೀವಮಾನದಲ್ಲಿ ಅಷ್ಟು ಚೆನ್ನಾಗಿ ನಾನು ಯಾರ ದನಿಯನ್ನೂ ಹಿಡಿದದ್ದಿಲ್ಲ.

"ತಮ್ಮಾ, ಕೂಸಿನ ಮದುವೆ. ನೀವಿಬ್ರೂ ಹಿಂದಿನ ದಿನವೇ ಬರ್ಬೇಕು. ನೀನೇ ಮುಂದೆ ನಿಂತು ನಡೆಸ್ಕೊಡ್ಬೇಕು."

ಫ್ಯಾನ್ ತಿರುಗುತ್ತಿತ್ತು. ಪರದೆಯ ಮೇಲೆ ವೈದ್ಯೆ ಮೆಲ್ಲಗೆ ಕಟ್ಟೆಯ ಅಂಚಿನಲ್ಲಿ ಕೂತಳು. ಅವರು ಸುಮ್ಮನಿರುವುದು ನನಗೆ ಗೊತ್ತಿತ್ತು, ಆದರೆ ಇಷ್ಟು ಉದ್ದ ಸುಮ್ಮನಿದ್ದದ್ದು ಇದೇ ಮೊದಲು. ಯಾರೋ ರೂಮಿನ ಬೀಗದ ಕೈ ಕೇಳಿದರು, ತಲೆಯೆತ್ತದೆ ಕೊಟ್ಟೆ. ಯಾವ ರೂಮಿನದು ಕೊಟ್ಟೆನೋ.

ಕೊನೆಗೆ ಸಣ್ಣ ಭಾವ, ಚೆನ್ನಾಗಿ ಮಾಡ್ದೆ ಮಾಣಿ, ಕೆಮ್ಮೂ ಸರಿಯಾಗಿ ಬಂತು ಎಂದರು. ಬಯ್ಯುವ ದನಿಯಲ್ಲ. ಗೊತ್ತಾದದ್ದು ಹೇಗೆ ಎಂದು ಕೇಳಿದೆ. ಅಣ್ಣ ನನ್ನನ್ನು ತಮ್ಮಾ ಎಂದು ಕರೆದದ್ದೇ ಇಲ್ಲ, ಹುಟ್ಟಿದಾಗಿನಿಂದ ಏ ಎನ್ನುತ್ತಾನೆ ಎಂದರು. ಅದನ್ನು ನಾನು ಯಾವತ್ತೂ ಗಮನಿಸಿರಲಿಲ್ಲ. ಅವರಿಬ್ಬರನ್ನೂ ಅಷ್ಟು ಅಣಕಿಸಿದ್ದೆ, ಒಬ್ಬರು ಇನ್ನೊಬ್ಬರನ್ನು ಹೇಗೆ ಕರೆಯುತ್ತಾರೆಂದು ಕೇಳಿಸಿಕೊಂಡಿರಲಿಲ್ಲ.

ಆಗ ನನ್ನ ದನಿಯಲ್ಲೇ ಮಾತಾಡಬೇಕಾಯಿತು. ಅದು ನನಗೇ ಗುರುತು ಸಿಗದಷ್ಟು ತೆಳ್ಳಗೆ ಬಂತು. ಪತ್ರಿಕೆಯಲ್ಲಿ ಆ ಸಾಲು ಇಲ್ಲದ್ದನ್ನು ಹೇಳಿದೆ, ಅಕ್ಕ ಭರಣಿ ಹಿಡಿದು ನಿಂತದ್ದನ್ನು ಹೇಳಿದೆ, ಮುಖ ಕಾಣದಿದ್ದರೆ ಮಾತು ಬರುತ್ತಿತ್ತು ಎಂದು ಅಣ್ಣ ಅಂದದ್ದನ್ನೂ ಹೇಳಿದೆ. ದೋಣಿಯ ಮೇಲೆ ದೂರು ಬರೆದವನು ನಾನು, ನಿಮ್ಮಿಬ್ಬರ ಹೆಸರಿನಲ್ಲೂ ಬರೆದೆ, ದೋಣಿ ಇನ್ನೊಂದೇ ಒಂದು ಸಲ ಬಿಟ್ಟಿದ್ದರೆ ಅವರು ಹೇಳಿಯೇ ಹೇಳುತ್ತಿದ್ದರು, ತಪ್ಪು ನನ್ನದು, ಇದನ್ನೇ ಅವರ ಹೇಳಿಕೆ ಎಂದುಕೊಂಡು ಬನ್ನಿ ಭಾವ ಎಂದೆ. ಹೇಳಿ ಮುಗಿಸಿದ ಮೇಲೆ, ಪತ್ರಿಕೆಯ ಸಾಲನ್ನೇ ನಾನು ಬಾಯಲ್ಲಿ ಹೇಳಿದೆ ಎಂದು ಗೊತ್ತಾಯಿತು.

ವೈದ್ಯೆ ಎದ್ದು ನಿಂತಳು. ಟೋಪಿ ಹಾಕಿದ ದೋಣಿಯವನನ್ನು ದಾಟಿ ಎರಡು ಹೆಜ್ಜೆ ಹೋಗಿ ನಿಂತಳು.

"ದೋಣಿ ಮೇಲೆ ಹಾಕ್ಬೇಡ ಮಾರಾಯ. ಹೇಳೋನಾಗಿದ್ರೆ ಅಣ್ಣ ದೋಣಿ ಇದ್ದಾಗ್ಲೇ ಹೇಳ್ತಿದ್ದ."